ಕೆಳಗಿನ ಮನೆಯ ಕೊರಿಯನ್ ಆಂಟಿ ಚರ್ಚಿಗೆ ಕರೆದರೆ

ತಂಗಿ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲಶಿಂಗ್‌ಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಪರಿಚಯದವರು ಯಾರೂ ಇಲ್ಲ ಅಂತ ಬರೆದಿದ್ದೀರಿ. ತಾವಾಗಿ ಬಂದು ಮಾತಾಡಿಸಿದವರು ಕೆಳಗಿನ ಮನೆಯ ಕೊರಿಯನ್ ಆಂಟಿ ಒಬ್ಬರೇ. ಹಣ್ಣು ತಂದುಕೊಟ್ಟರು, ಮಗಳ ಶಾಲೆಗೆ ಯಾವ ಯಾವ ಕಾಗದ ಬೇಕು ಅಂತ ಹೇಳಿಕೊಟ್ಟರು. ಆಮೇಲೆ ಭಾನುವಾರ ಚರ್ಚಿಗೆ ಬನ್ನಿ, ಊಟವೂ ಅಲ್ಲೇ ಅಂದರು. ಈಗ ಬೇಸಿಗೆ ರಜೆಯಲ್ಲಿ ಮಗಳನ್ನು ಚರ್ಚಿನ ಶಿಬಿರಕ್ಕೆ ಕಳಿಸಿ ಅನ್ನುತ್ತಿದ್ದಾರೆ. ಇದೆಲ್ಲ ನಮ್ಮನ್ನು ಮತಾಂತರ ಮಾಡೋಕಾ, ಕೊರಿಯಾದವರು ಬೌದ್ಧರಲ್ವಾ, ಮತ್ತೆ ಇಲ್ಲಿ ಹೆಜ್ಜೆಗೊಂದು ಕೊರಿಯನ್ ಚರ್ಚ್ ಯಾಕೆ, ನಾವೂ ಇಂಥದ್ದೇನಾದರೂ ಸೇರಿಕೊಳ್ಳಬೇಕಾ ಅಂತ ಕೇಳಿದ್ದೀರಿ. ಅಕ್ಕ ಅಂತ ಕರೆದಿದ್ದೀರಲ್ಲ, ಅಕ್ಕನ ಹಾಗೇ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆಂಟಿಗೆ ತಮ್ಮ ನಂಬಿಕೆಯನ್ನು ನಿಮಗೂ ಹೇಳಬೇಕು ಅಂತ ಆಸೆ ಇರುವುದು ನಿಜ. ಹೊಸದಾಗಿ ಬಂದ ಹುಡುಗಿ ಒಂಟಿಯಾಗಿ ಕೂರಬಾರದು ಅನ್ನುವ ಕಾಳಜಿಯೂ ಅಷ್ಟೇ ನಿಜ. ಅವರ ಮನಸ್ಸಿನಲ್ಲಿ ಇವೆರಡೂ ಒಂದೇ ಕೆಲಸ. ಯಾಕೆಂದರೆ ಅವರು ಈ ದೇಶಕ್ಕೆ ಬಂದಾಗ ಅವರನ್ನು ಕೈಹಿಡಿದು ನಡೆಸಿದ್ದು ಬಹುಶಃ ಇಂಥದ್ದೇ ಒಂದು ಚರ್ಚು. ನಾನು ಇಲ್ಲಿನ ಒಂದು ಡೇಕೇರ್‌ನಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವವರಲ್ಲೂ ಮಕ್ಕಳನ್ನು ಬಿಡಲು ಬರುವ ತಾಯಂದಿರಲ್ಲೂ ಕೊರಿಯನ್ನರೇ ಜಾಸ್ತಿ. ಅವರ ಮಾತು ಕೇಳುತ್ತಾ, ಆಮೇಲೆ ಆಸಕ್ತಿಯಿಂದ ಓದುತ್ತಾ ನನಗೆ ತಿಳಿದದ್ದು ಇಷ್ಟು: ಕೊರಿಯನ್ನರು ಇಲ್ಲಿಗೆ ಬಂದು ಆಮೇಲೆ ಚರ್ಚ್ ಕಟ್ಟಿಕೊಂಡರು ಅನ್ನುವುದು ಅರ್ಧ ಕಥೆ. ಅವರು ಬರುವುದಕ್ಕೆ ಕಾರಣವಾದದ್ದರಲ್ಲೂ ಚರ್ಚಿನ ಪಾಲಿದೆ.

1902ರ ಮಾತು. ಅಮೆರಿಕದ ಹವಾಯಿ ದ್ವೀಪಗಳ ಕಬ್ಬಿನ ತೋಟಗಳ ಮಾಲೀಕರಿಗೆ ಆಳು ಬೇಕಾಗಿತ್ತು. ತೋಟದಲ್ಲಿ ಜಪಾನಿ ಕೂಲಿಗಳೇ ತುಂಬಿದ್ದರು. ಅವರು ಒಗ್ಗಟ್ಟಾಗಿ ಮುಷ್ಕರ ಹೂಡುತ್ತಿದ್ದರು. ಅವರಿಗೆ ಎದುರಾಗಿ ಬೇರೆ ದೇಶದ ಜನರನ್ನು ತರಬೇಕು ಅನ್ನುವುದು ಮಾಲೀಕರ ಲೆಕ್ಕ. ಕೊರಿಯಾದಲ್ಲಿ ಆಗ ಬರ ಬಿದ್ದಿತ್ತು. ಸೋಲ್ ನಗರದಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಹೊರೇಸ್ ಆಲೆನ್. 1884ರಲ್ಲಿ ಮಿಷನ್ ಡಾಕ್ಟರಾಗಿ ಬಂದು ಆಮೇಲೆ ರಾಜತಂತ್ರಕ್ಕೆ ಇಳಿದವರು. ಚಕ್ರವರ್ತಿ ಗೊಜೊಂಗ್ ಹತ್ತಿರ ಮಾತಾಡಿ ಒಪ್ಪಿಗೆ ಕೊಡಿಸಿದ್ದು ಇವರೇ.

ಒಪ್ಪಿಗೆ ಸಿಕ್ಕಿದರೂ ಜನ ಮುಂದೆ ಬರಲಿಲ್ಲ. ಹಿರಿಯರ ಸಮಾಧಿ ಬಿಟ್ಟು ಕಡಲಾಚೆ ಹೋಗುವುದು ಅವರಿಗೆ ಸಣ್ಣ ವಿಷಯವಲ್ಲ. ಆಗ ಇಂಚಿಯಾನ್ ಬಂದರಿನ ನೇರಿ ಮೆಥಡಿಸ್ಟ್ (ಪ್ರೊಟೆಸ್ಟಂಟರ ಒಂದು ಪಂಗಡ) ಚರ್ಚಿನ ಪಾದ್ರಿ ಜಾರ್ಜ್ ಹೀಬರ್ ಜೋನ್ಸ್ ತಮ್ಮ ಸಭೆಯವರನ್ನು ಒಪ್ಪಿಸಿದರು. ಹೋಗಿ, ಅಲ್ಲಿ ಕೆಲಸ ಇದೆ, ಒಳ್ಳೆಯ ಬದುಕಿದೆ ಅಂತ ಧೈರ್ಯ ಹೇಳಿದರು. 1903ರ ಜನವರಿ 13ರಂದು ಗೇಲಿಕ್ ಅನ್ನುವ ಹಡಗು ಹೊನೊಲುಲು ಮುಟ್ಟಿತು. ಅದರಲ್ಲಿದ್ದ ಕೊರಿಯನ್ನರು ನೂರರ ಆಸುಪಾಸು. ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಆ ಒಂದೇ ಚರ್ಚಿನವರು! 1905ರಲ್ಲಿ ಜಪಾನಿನ ಒತ್ತಡದಿಂದ ಈ ವಲಸೆ ನಿಂತಿತು. ಅಷ್ಟರಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಹವಾಯಿ ಸೇರಿದ್ದರು.

ತೋಟದ ಲೈನುಮನೆಗಳ ಮಧ್ಯೆಯೇ ಪ್ರಾರ್ಥನೆ ಶುರುವಾಯಿತು. ಹೊನೊಲುಲುವಿನಲ್ಲಿ ಅದೇ 1903ರ ನವೆಂಬರಿನಲ್ಲಿ ಒಂದು ಸಭೆ ಸೇರಿತು. ಮರುವರ್ಷ ಲಾಸ್ ಏಂಜಲೀಸಿನಲ್ಲಿ ಇನ್ನೊಂದು. ನಮ್ಮ ನ್ಯೂಯಾರ್ಕಿನಲ್ಲಿ 1921ರಲ್ಲಿ ಶುರುವಾದ ಕೊರಿಯನ್ ಮೆಥಡಿಸ್ಟ್ ಚರ್ಚ್ ಈಗಲೂ ಕೊಲಂಬಿಯಾ ವಿಶ್ವವಿದ್ಯಾಲಯದ ಹತ್ತಿರ 115ನೇ ಬೀದಿಯಲ್ಲಿದೆ. ಆಗ ಈ ಊರಿನಲ್ಲಿದ್ದ ಕೊರಿಯನ್ನರು ತುಂಬಾ ಕಡಿಮೆ, ಬಹುಪಾಲು ವಿದ್ಯಾರ್ಥಿಗಳು. ಅಷ್ಟು ಕಡಿಮೆ ಜನ ಇದ್ದಾಗಲೂ ಅವರಿಗೆ ಚರ್ಚ್ ಬೇಕಾಗಿತ್ತು.

ಇಲ್ಲಿ ಒಂದು ವಿಷಯ ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮ ದೇಶವನ್ನು ಆಳಿದವರು ಕ್ರೈಸ್ತರು. ಹಾಗಾಗಿ ಚರ್ಚ್ ಅಂದರೆ ಆಳುವವರ ಕಡೆಯದು ಅನ್ನುವ ಭಾವನೆ ನಮ್ಮ ಹಿರಿಯರಲ್ಲಿ ಬಹಳ ಜನರಿಗೆ ಇತ್ತು. ಕೊರಿಯಾವನ್ನು 1910ರಲ್ಲಿ ನುಂಗಿದ್ದು ಜಪಾನ್. ಅವರು ಕೊರಿಯನ್ನರನ್ನು ಜಪಾನಿನ ಶಿಂಟೊ ಧರ್ಮದ ಗುಡಿಗಳ ಮುಂದೆ ಬಲವಂತವಾಗಿ ತಲೆಬಾಗಿಸಿದರು. ಅಲ್ಲಿ ಚರ್ಚ್ ಅಂದರೆ ಆಳುವವರ ಕೈಗೆ ಪೂರ್ತಿ ಸಿಗದ ಜಾಗ. ಶಾಲೆ, ಆಸ್ಪತ್ರೆ, ಕೊರಿಯನ್ ಲಿಪಿಯಲ್ಲಿ ಓದು ಬರಹ ಎಲ್ಲ ಅಲ್ಲಿತ್ತು. 1919ರ ಮಾರ್ಚ್ 1ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 33 ಜನರಲ್ಲಿ 16 ಮಂದಿ ಕ್ರೈಸ್ತರು. ಆಗ ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ತೀರಾ ಚಿಕ್ಕದು. ಹವಾಯಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಕೂಲಿ ಮಾಡುತ್ತಿದ್ದವರು ಚರ್ಚಿನಲ್ಲಿ ಸೇರಿ ಸ್ವಾತಂತ್ರ್ಯ ಹೋರಾಟಕ್ಕೆ ದುಡ್ಡು ಕೂಡಿಸುತ್ತಿದ್ದರು. ಮುಂದೆ ದಕ್ಷಿಣ ಕೊರಿಯಾದ ಮೊದಲ ಅಧ್ಯಕ್ಷರಾದ ಸಿಂಗ್‌ಮನ್ ರೀ ಹವಾಯಿಯಲ್ಲಿದ್ದಾಗ, 1918ರಲ್ಲಿ, ತಮ್ಮದೇ ಒಂದು ಕೊರಿಯನ್ ಚರ್ಚ್ ಶುರು ಮಾಡಿದ್ದರು. ದೇವರು, ದೇಶ, ಭಾಷೆ ಮೂರೂ ಅವರಿಗೆ ಒಂದೇ ಸೂರಿನಡಿ ಸಿಕ್ಕಿದವು. ಇಂದಿನ ಆಂಟಿಯ ಮನಸ್ಸು ಅರ್ಥವಾಗಬೇಕಾದರೆ ಇದನ್ನು ಮರೆಯಬಾರದು.

1924ರಲ್ಲಿ ಅಮೆರಿಕ ಏಷ್ಯಾದವರಿಗೆ ಬಾಗಿಲು ಹಾಕಿತು. ನಮ್ಮವರಿಗೂ ಬಾಗಿಲು ಮುಚ್ಚಿದ್ದ ಕಾಲ ಅದು. ಆಮೇಲೆ ಕೊರಿಯನ್ ಯುದ್ಧ. ಯುದ್ಧ ಮುಗಿದ ಮೇಲೆ ಬಂದವರಲ್ಲಿ ಅಮೆರಿಕನ್ ಸೈನಿಕರನ್ನು ಮದುವೆಯಾದ ಹೆಂಗಸರು, ವಿದ್ಯಾರ್ಥಿಗಳು, ಅನಾಥ ಮಕ್ಕಳು ಇದ್ದರು. ಆರೆಗಾನಿನ ಹ್ಯಾರಿ ಹೋಲ್ಟ್ ಮತ್ತು ಬರ್ತಾ ಹೋಲ್ಟ್ ದಂಪತಿ 1955ರಲ್ಲಿ ಎಂಟು ಕೊರಿಯನ್ ಮಕ್ಕಳನ್ನು ದತ್ತು ತೆಗೆದುಕೊಂಡರು. ಅದಕ್ಕಾಗಿ ಅಮೆರಿಕದ ಸಂಸತ್ತು ವಿಶೇಷ ಕಾನೂನೇ ಮಾಡಬೇಕಾಯಿತು. ಇವರೂ ಗಾಢ ನಂಬಿಕೆಯ ಕ್ರೈಸ್ತರು, ಇದು ದೇವರು ಒಪ್ಪಿಸಿದ ಕೆಲಸ ಅಂದುಕೊಂಡವರು. ಅವರ ಹಿಂದೆ ಸಾವಿರ ಸಾವಿರ ಮಕ್ಕಳು ಬಂದರು. ತಮ್ಮ ಭಾಷೆ, ಹೆತ್ತವರ ಹೆಸರು ಕಳೆದುಕೊಂಡು ಬೆಳೆದ ಆ ಮಕ್ಕಳಲ್ಲಿ ಅನೇಕರು ದೊಡ್ಡವರಾದ ಮೇಲೆ ಕಠಿಣ ಪ್ರಶ್ನೆಗಳನ್ನು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಗಳೇ ಅವು.

ನೀವು ಇಲ್ಲಿ ನೋಡುತ್ತಿರುವ ಕೊರಿಯನ್ನರು ಮಾತ್ರ 1965ರ ವಲಸೆ ಕಾನೂನಿನಿಂದ ಬಂದವರು ಮತ್ತು ಅವರ ಮಕ್ಕಳು. ನಮ್ಮವರು ಬಂದದ್ದೂ ಅದೇ ಬಾಗಿಲಿನಿಂದ. ಮೊದಲು ಡಾಕ್ಟರು, ನರ್ಸು, ಆಮೇಲೆ ಅವರ ಅಣ್ಣತಮ್ಮಂದಿರು, ಅಪ್ಪ ಅಮ್ಮ. 1970ರಲ್ಲಿ ಇಡೀ ದೇಶದಲ್ಲಿ 70 ಸಾವಿರದಷ್ಟಿದ್ದ ಕೊರಿಯನ್ನರು 1990ರ ಹೊತ್ತಿಗೆ 8 ಲಕ್ಷದ ಹತ್ತಿರ ಬಂದರು.

ಕೊರಿಯಾದವರು ಬೌದ್ಧರಲ್ವಾ ಅಂತ ಕೇಳಿದ್ದೀರಲ್ಲ, ಅದರ ಉತ್ತರ ಇಲ್ಲಿದೆ. 2015ರ ಜನಗಣತಿಯಲ್ಲಿ ದಕ್ಷಿಣ ಕೊರಿಯಾದ ಅರ್ಧಕ್ಕಿಂತ ಹೆಚ್ಚು ಜನ ತಮಗೆ ಯಾವ ಧರ್ಮವೂ ಇಲ್ಲ ಅಂದಿದ್ದಾರೆ. ಪ್ರೊಟೆಸ್ಟಂಟರು ಶೇ 20ರಷ್ಟು, ಕ್ಯಾಥೊಲಿಕರು ಶೇ 8, ಬೌದ್ಧರು ಶೇ 15ರ ಮೇಲೆ ಸ್ವಲ್ಪ. ಆದರೆ ಅಮೆರಿಕದಲ್ಲಿರುವ ಕೊರಿಯನ್ನರ ಲೆಕ್ಕವೇ ಬೇರೆ. ಪ್ಯೂ ಸಂಶೋಧನಾ ಕೇಂದ್ರ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಇವರಲ್ಲಿ ಶೇ 61 ಪ್ರೊಟೆಸ್ಟಂಟರು, ಶೇ 10 ಕ್ಯಾಥೊಲಿಕರು, ಬೌದ್ಧರು ಬರೀ ಶೇ 6.

ಇಷ್ಟೊಂದು ವ್ಯತ್ಯಾಸಕ್ಕೆ ಎರಡು ಕಾರಣ. ಒಂದು, ಹೊರಟವರಲ್ಲೇ ಕ್ರೈಸ್ತರು ಜಾಸ್ತಿ. ಪೇಟೆಯಲ್ಲಿ ಓದಿದ ಮಧ್ಯಮ ವರ್ಗದವರು, ಇಂಗ್ಲಿಷ್ ಮತ್ತು ಅಮೆರಿಕದ ಪರಿಚಯ ಇದ್ದವರು ಚರ್ಚಿನ ಸುತ್ತಲೇ ಇದ್ದರು. ಇನ್ನೊಂದು ಗುಂಪೂ ಇತ್ತು. ದೇಶ ಹೋಳಾಗುವ ಮೊದಲು ಕ್ರೈಸ್ತರು ದಟ್ಟವಾಗಿದ್ದದ್ದು ಉತ್ತರದ ಪ್ಯಾಂಗ್ಯಾಂಗ್ ಸುತ್ತಮುತ್ತ. 1945ರ ನಂತರ ಕಮ್ಯುನಿಸ್ಟ್ ಆಡಳಿತಕ್ಕೆ ಹೆದರಿ, ಆಮೇಲೆ ಯುದ್ಧದಲ್ಲಿ, ಅವರು ದಕ್ಷಿಣಕ್ಕೆ ಓಡಿಬಂದರು. ಸೋಲ್‌ನ ಪ್ರಸಿದ್ಧ ಯಂಗ್‌ನಾಕ್ ಚರ್ಚ್ ಹೀಗೆ ಬಂದ ನಿರಾಶ್ರಿತರಿಂದಲೇ 1945ರಲ್ಲಿ ಶುರುವಾದದ್ದು. ಊರು, ಗದ್ದೆ, ನೆಂಟರನ್ನು ಒಮ್ಮೆ ಬಿಟ್ಟು ಬಂದವರು ಅವರು. ದಕ್ಷಿಣದಲ್ಲಿ ಅವರಿಗೆ ಬೇರಿಲ್ಲ. ಅಮೆರಿಕದ ಬಾಗಿಲು ತೆರೆದಾಗ ಇಂಥವರು ಮತ್ತೆ ಹೊರಟರು. ನನ್ನ ಜೊತೆ ಕೆಲಸ ಮಾಡುವ ಹಿರಿಯ ಗೆಳತಿಯ ಮಾವನವರು ಹೀಗೆ ಬಂದವರು. ಸಾಯುವ ತನಕ ಅವರು ಪ್ರಾರ್ಥನೆಯಲ್ಲಿ ಉತ್ತರದಲ್ಲಿ ಉಳಿದ ತಂಗಿಯ ಹೆಸರು ಹೇಳುತ್ತಿದ್ದರಂತೆ.

ಎರಡನೇ ಕಾರಣ, ಇಲ್ಲಿಗೆ ಬಂದ ಮೇಲೆ ಚರ್ಚ್ ಸೇರಿದವರು. ಇವರ ಸಂಖ್ಯೆ ಕಡಿಮೆ ಏನಲ್ಲ. ನೀವು ಈಗ ಇರುವ ಸ್ಥಿತಿಯಲ್ಲೇ ಅವರೂ ಇದ್ದರು ಅಂತ ನೆನಪಿಟ್ಟುಕೊಳ್ಳಿ.

ಎಪ್ಪತ್ತು ಎಂಬತ್ತರ ದಶಕ. ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿದ ಕುಟುಂಬ. ಇಂಗ್ಲಿಷ್ ಬಾರದು. ಕರೆದುಕೊಂಡು ಹೋಗಲು ಬಂದವರು ಚರ್ಚಿನ ಪಾದ್ರಿ, ಇಲ್ಲವೇ ಸಭೆಯವರೊಬ್ಬರು. ಕೊರಿಯನ್ನರಲ್ಲಿ ಒಂದು ಮಾತಿದೆ: ನಿಲ್ದಾಣಕ್ಕೆ ಕರೆದೊಯ್ಯಲು ಬಂದವನ ಕಸುಬೇ ನಿನ್ನ ಕಸುಬಾಗುತ್ತದೆ ಅಂತ. ಬಂದವರು ತರಕಾರಿ ಅಂಗಡಿಯವರಾದರೆ ನೀವೂ ತರಕಾರಿ ಅಂಗಡಿಗೆ, ಡ್ರೈಕ್ಲೀನಿಂಗ್‌ನವರಾದರೆ ಅದಕ್ಕೆ. ಮನೆ ಹುಡುಕುವುದು, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಶಾಲೆ, ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನು ಅರ್ಥ ಮಾಡಿಸುವುದು, ಎಲ್ಲಕ್ಕೂ ಫೋನ್ ಹೋಗುತ್ತಿದ್ದದ್ದು ಪಾದ್ರಿಯ ಮನೆಗೆ. ಅಂಗಡಿ ಹಾಕಲು ಬಂಡವಾಳ ಬೇಕು, ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಅದಕ್ಕೆ ಗ್ಯೆ ಇತ್ತು. ಅದು ನಮ್ಮೂರಿನ ಚೀಟಿ ವ್ಯವಹಾರವೇ. ತಿಂಗಳು ತಿಂಗಳು ಎಲ್ಲರೂ ದುಡ್ಡು ಹಾಕುವುದು, ಸರದಿಯ ಹಾಗೆ ಒಬ್ಬೊಬ್ಬರು ಎತ್ತುವುದು. ಅದು ನಡೆಯುವುದು ಪೂರ್ತಿ ನಂಬಿಕೆಯ ಮೇಲೆ. ಪ್ರತಿ ಭಾನುವಾರ ಮುಖ ನೋಡುವವರ ಮಧ್ಯೆ ಆ ನಂಬಿಕೆ ಇರುತ್ತಿತ್ತು. ಎಲ್ಲ ಗ್ಯೆಯೂ ಚರ್ಚಿನದ್ದಲ್ಲ, ಒಂದೇ ಶಾಲೆಯಲ್ಲಿ ಓದಿದವರದ್ದೂ ಇರುತ್ತಿತ್ತು. ಆದರೆ ಸಭೆಯ ಪರಿಚಯ ಅದಕ್ಕೆ ತುಂಬಾ ಅನುಕೂಲ ಮಾಡಿಕೊಟ್ಟಿತು.

ಮೇಲೆ ಹೇಳಿದ ಹಿರಿಯ ಗೆಳತಿಯ ಗಂಡ ಕೊರಿಯಾದಲ್ಲಿ ಎಂಜಿನಿಯರ್. ಇಲ್ಲಿ ಕ್ವೀನ್ಸ್‌ನಲ್ಲಿ ಹಣ್ಣು ತರಕಾರಿ ಅಂಗಡಿ. ನಡುರಾತ್ರಿ ಎದ್ದು ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟ್ ಮಂಡಿಗೆ ಹೋಗಿ ಮಾಲು ತರಬೇಕು, ರಾತ್ರಿ ತನಕ ಅಂಗಡಿ ನೋಡಬೇಕು. ಗಿರಾಕಿಗಳು ಅವರನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ವಾರದ ಆರು ದಿನ ಹೀಗೆ. ಏಳನೇ ದಿನ ಸೂಟು ಹಾಕಿಕೊಂಡು ಚರ್ಚಿಗೆ ಹೋದರೆ ಅಲ್ಲಿ ಅವರು ಜಾಂಗ್ನೊ, ಅಂದರೆ ಸಭೆಯ ಹಿರಿಯರು. ಎಲ್ಲರೂ ತಲೆಬಾಗಿ ಮಾತಾಡಿಸುವವರು. ಅವರ ಕೆಳಗಿನ ಹುದ್ದೆ ಜಿಪ್ಸಾ. ಹೆಂಗಸರಲ್ಲಿ ಹಿರಿಯರಿಗೆ ಕ್ವೊನ್ಸಾ. ಇಲ್ಲೇ ಕ್ವೀನ್ಸ್ ಕಾಲೇಜಿನಲ್ಲಿದ್ದ ಸಮಾಜಶಾಸ್ತ್ರಜ್ಞ ಪ್ಯೊಂಗ್ ಗ್ಯಾಪ್ ಮಿನ್ ನ್ಯೂಯಾರ್ಕಿನ ಕೊರಿಯನ್ ಚರ್ಚುಗಳನ್ನು ಅಧ್ಯಯನ ಮಾಡಿ 1992ರಲ್ಲಿ ಬರೆದಾಗ, ಚರ್ಚು ವಲಸಿಗರಿಗೆ ಮಾಡಿಕೊಡುವ ಕೆಲಸಗಳಲ್ಲಿ ಇದನ್ನೂ ಸೇರಿಸಿದ್ದರು: ಸ್ನೇಹ, ಭಾಷೆ ಸಂಸ್ಕೃತಿಯ ಉಳಿವು, ನೆರವು, ಜೊತೆಗೆ ಸ್ಥಾನಮಾನ. ಹೊರಗೆ ಕಳೆದುಕೊಂಡ ಮರ್ಯಾದೆಯನ್ನು ಮನುಷ್ಯ ಎಲ್ಲಾದರೂ ಮರಳಿ ಪಡೆಯಬೇಕಲ್ವಾ? ಅದನ್ನು ಸಣ್ಣತನ ಅನ್ನಲು ನನಗೆ ಮನಸ್ಸಿಲ್ಲ.

ಆದರೆ ಅದಕ್ಕೊಂದು ಬೆಲೆಯೂ ಇದೆ. ಹಿರಿಯರ ಸ್ಥಾನಕ್ಕೆ ಪೈಪೋಟಿ, ಪಾದ್ರಿಗೂ ಹಿರಿಯರಿಗೂ ಜಗಳ, ಚರ್ಚು ಎರಡಾಗುವುದು. ನೀವು ಹೆಜ್ಜೆಗೊಂದು ಅಂದ ಚರ್ಚುಗಳಲ್ಲಿ ಕೆಲವು ಹೀಗೆ ಒಡೆದು ಹುಟ್ಟಿದವು. ಹೆಚ್ಚಿನವು ಚಿಕ್ಕವು. ಎಷ್ಟೋ ಸಭೆಗಳಿಗೆ ಸ್ವಂತ ಕಟ್ಟಡವಿಲ್ಲ, ಬಿಳಿಯರ ಚರ್ಚಿನಲ್ಲಿ ಮಧ್ಯಾಹ್ನದ ಹೊತ್ತು ಬಾಡಿಗೆಗೆ ಪ್ರಾರ್ಥನೆ. ದಶಮಾಂಶ ಅಂತ ಆದಾಯದ ಹತ್ತನೇ ಒಂದು ಪಾಲು ಕೊಡಬೇಕೆಂಬ ನಿರೀಕ್ಷೆ ಇರುತ್ತದೆ. ವ್ಯಾಪಾರ ಕೆಟ್ಟವರಿಗೆ, ಮದುವೆ ಮುರಿದವರಿಗೆ ಅಲ್ಲಿ ಮುಖ ತೋರಿಸುವುದೇ ಕಷ್ಟ. ಊರಿನ ಎಲ್ಲರೂ ಒಂದೇ ಸೂರಿನಡಿ ಸಿಗುತ್ತಾರೆ ಅಂದರೆ ಊರಿನ ಬಾಯಿಯೂ ಅಲ್ಲೇ ಇರುತ್ತದೆ.

ನನಗೆ ಹೆಚ್ಚು ನೋವಾಗುವುದು ಹೆಂಗಸರ ವಿಷಯದಲ್ಲಿ. ಆರು ದಿನ ನೇಲ್ ಸಲೂನಿನಲ್ಲೋ ಡ್ರೈಕ್ಲೀನಿಂಗ್ ಅಂಗಡಿಯಲ್ಲೋ ನಿಂತು ದುಡಿದವರು ಏಳನೇ ದಿನ ಚರ್ಚಿನ ಅಡುಗೆಮನೆಯಲ್ಲಿ ನೂರಾರು ಜನರಿಗೆ ಅನ್ನ, ಸಾರು ಮಾಡುತ್ತಾರೆ. ಬೆಳಗಿನ ಜಾವ ಐದೂವರೆ ಆರಕ್ಕೆಲ್ಲ ಪ್ರಾರ್ಥನೆಗೆ ಬಂದು ಕೂರುವವರಲ್ಲೂ ಅವರೇ ಜಾಸ್ತಿ. ಹಿರಿಯರ ಸಭೆಯಲ್ಲಿ ಮಾತ್ರ ಅವರು ಕಾಣುವುದು ಅಪರೂಪ. ಮಹಿಳೆಯರಿಗೂ ಪಾದ್ರಿ, ಹಿರಿಯರ ದೀಕ್ಷೆ ಕೊಡುವ ಅಮೆರಿಕನ್ ಪಂಗಡಕ್ಕೆ ಸೇರಿದ ಚರ್ಚುಗಳು ಇವೆ, ಕೊಡದ ಕೊರಿಯನ್ ಪಂಗಡಗಳೂ ಬಹಳ ಇವೆ. ಆದರೂ ಇದೇ ಹೆಂಗಸರಿಗೆ ಚರ್ಚು ಬಿಡುಗಡೆಯೂ ಆಗಿದೆ ಅಂತ ಗೆಳತಿ ಹೇಳುತ್ತಾಳೆ. ಅವರಲ್ಲಿ ಹಿರಿಯರಿಗೆ ಎಡೆ ಇಡುವ ಜೆಸಾ ಅನ್ನುವ ಕರ್ಮ ಇದೆ. ನಮ್ಮ ಶ್ರಾದ್ಧ, ಪಕ್ಷದ ಅಡುಗೆ ನೆನಪಿಸಿಕೊಳ್ಳಿ. ಹಿರಿಯ ಮಗನ ಹೆಂಡತಿ ದಿನಗಟ್ಟಲೆ ಬೇಯಿಸಬೇಕು. ಪ್ರೊಟೆಸ್ಟಂಟರು ಇದನ್ನು ಬಿಟ್ಟು, ಬದಲಿಗೆ ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡರು. ಕ್ಯಾಥೊಲಿಕರಿಗೆ ಜೆಸಾ ಮಾಡಲು ಅನುಮತಿ ಇದೆ. ಕ್ಯಾಥೊಲಿಕ್ ಚರ್ಚಿಗೆ ಹೋಗುವ ಇನ್ನೊಬ್ಬ ಸಹೋದ್ಯೋಗಿ ಈಗಲೂ ಹೊಸವರ್ಷಕ್ಕೆ ಎಡೆ ಇಡುತ್ತಾಳೆ, ಅದರಲ್ಲಿ ಅವಳಿಗೆ ಸಂತೋಷವೂ ಇದೆ.

ಬೌದ್ಧರಾಗಿಯೇ ಉಳಿದವರ ಪಾಡು ಬೇರೆ. ಗುಡಿಗಳು ಕಡಿಮೆ, ದೂರ. ಊರಲ್ಲಿ ಗುಡಿಗೆ ಹೋಗುತ್ತಿದ್ದದ್ದು ಬೇಕೆನಿಸಿದಾಗ, ಬುದ್ಧನ ಹುಟ್ಟುಹಬ್ಬಕ್ಕೆ. ಇಲ್ಲಿ ಗುಡಿಗಳೂ ಭಾನುವಾರ ಸಭೆ ಸೇರಿಸಲು ಕಲಿತವು. ಪ್ರವಚನ, ಹಾಡು, ಊಟ, ಮಕ್ಕಳ ತರಗತಿ ಎಲ್ಲ ಬಂತು. ಹಾಗಿದ್ದರೂ ಮಗುವಿಗೆ ಕೊರಿಯನ್ ಕಲಿಸಬೇಕು ಅಂತ, ಜೊತೆಗೆ ಯಾರಾದರೂ ಬೇಕು ಅಂತ ಚರ್ಚಿಗೆ ಹೋಗತೊಡಗಿ ಕೊನೆಗೆ ಅಲ್ಲೇ ಉಳಿದ ಬೌದ್ಧ ಮನೆಗಳು ಎಷ್ಟೋ. ಅವರಲ್ಲಿ ಕೆಲವರಿಗೆ ನಿಜವಾದ ನಂಬಿಕೆಯೇ ಹುಟ್ಟಿತು. ಕೆಲವರು ಸುಮ್ನೆ ಹೊಂದಿಕೊಂಡರು. ಯಾರು ಯಾವುದು ಅಂತ ಹೊರಗಿನಿಂದ ನಾವು ಹೇಳಲಿಕ್ಕಾಗದು.

ಕಷ್ಟಕಾಲದಲ್ಲಿ ಇದೇ ಬಳಗ ಬಲವಾಗಿ ನಿಂತದ್ದೂ ಇದೆ. 1992ರ ಏಪ್ರಿಲ್ 29ರಿಂದ ಲಾಸ್ ಏಂಜಲೀಸಿನಲ್ಲಿ ನಡೆದ ಗಲಭೆಯಲ್ಲಿ ಕೊರಿಯನ್ನರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು, ಲೂಟಿಯಾದವು. ಪೊಲೀಸರು ಬರಲಿಲ್ಲ. ವಿಮೆ ಇಲ್ಲದವರು ಬೀದಿಗೆ ಬಿದ್ದರು. ಅಕ್ಕಿ, ದುಡ್ಡು, ಸಾಂತ್ವನ ಎಲ್ಲಕ್ಕೂ ಚರ್ಚುಗಳು ಮುಂದೆ ಬಂದವು. ಕರಿಯರ ಚರ್ಚುಗಳ ಜೊತೆ ಕೂತು ಮಾತಾಡುವ ಪ್ರಯತ್ನವೂ ಪಾದ್ರಿಗಳಿಂದ ಆಯಿತು. ತಮ್ಮವರನ್ನೇ ನೋಡಿಕೊಳ್ಳುವ ಚರ್ಚು ಅಕ್ಕಪಕ್ಕದವರನ್ನು ಮರೆತಿತ್ತಾ ಅಂತ ಕೊರಿಯನ್ನರೇ ತಮ್ಮನ್ನು ಕೇಳಿಕೊಂಡ ಕಾಲ ಅದು. ನಾನು ಅದನ್ನು ದೊಡ್ಡ ಗುಣ ಅಂತ ತಿಳಿಯುತ್ತೇನೆ. ನಮ್ಮ ಸಂಘಗಳಲ್ಲೂ ಈ ಪ್ರಶ್ನೆ ಏಳಬೇಕು.

ಇನ್ನು ಮಕ್ಕಳು. ಶನಿವಾರ ಚರ್ಚಿನ ಕೊರಿಯನ್ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಿಗಾಗಿ ಚರ್ಚಿನಲ್ಲೇ ಪ್ರತ್ಯೇಕ ಇಂಗ್ಲಿಷ್ ಪ್ರಾರ್ಥನೆ ಇಟ್ಟರು. ಕೆಳಗಿನ ಹಾಲ್‌ನಲ್ಲಿ ಮಕ್ಕಳು, ಮೇಲಿನ ಹಾಲ್‌ನಲ್ಲಿ ಹೆತ್ತವರು. ಕಾಲೇಜಿಗೆ ಹೋದ ಮೇಲೆ ಬಹಳ ಮಕ್ಕಳು ಅಪ್ಪ ಅಮ್ಮನ ಚರ್ಚನ್ನು ಬಿಟ್ಟರು. ಕೆಲವರು ನಂಬಿಕೆಯನ್ನೇ ಬಿಟ್ಟರು. ಕೆಲವರು ಚೀನೀ, ಬಿಳಿ, ಕರಿ ಗೆಳೆಯರ ಜೊತೆ ಸೇರಿ ಬೇರೆ ಚರ್ಚು ಕಟ್ಟಿದರು. ಕೊರಿಯಾ ಸಿರಿವಂತ ದೇಶವಾದ ಮೇಲೆ ಹೊಸದಾಗಿ ಬರುವವರೂ ಕಡಿಮೆ. ಹಾಗಾಗಿ ಎಷ್ಟೋ ಚರ್ಚುಗಳಲ್ಲಿ ಈಗ ತಲೆ ನೆರೆತವರೇ ಕಾಣುತ್ತಾರೆ. ಆಂಟಿ ನಿಮ್ಮ ಮಗಳನ್ನು ಅಷ್ಟು ಪ್ರೀತಿಯಿಂದ ಕರೆಯುವುದರಲ್ಲಿ ಇದೂ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಇಲ್ಲಿಂದ ನಿಮ್ಮ ಕೊನೆಯ ಪ್ರಶ್ನೆಗೆ, ನಾವೂ ಇಂಥದ್ದೇನಾದರೂ ಸೇರಿಕೊಳ್ಳಬೇಕಾ ಅನ್ನುವುದಕ್ಕೆ ಬರುತ್ತೇನೆ. ಮೇಲೆ ಹೇಳಿದ ಪ್ರೊಫೆಸರ್ ಮಿನ್ ಮುಂದೆ 2010ರಲ್ಲಿ ನ್ಯೂಯಾರ್ಕಿನ ಕೊರಿಯನ್ ಪ್ರೊಟೆಸ್ಟಂಟರನ್ನೂ ಭಾರತದ ಹಿಂದೂಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಅವರು ಕಂಡದ್ದು ಹೀಗೆ. ಕೊರಿಯನ್ನರು ವಾರವಾರ ಸೇರುತ್ತಾರೆ, ಗಟ್ಟಿ ಸಂಘಟನೆ ಕಟ್ಟುತ್ತಾರೆ. ಆದರೆ ಅವರ ಧರ್ಮ ಕೊರಿಯಾದ್ದೇ ಅಲ್ಲ, ಆದ್ದರಿಂದ ಮಕ್ಕಳು ಒಳ್ಳೆಯ ಕ್ರೈಸ್ತರಾಗಿ ಉಳಿದರೂ ಕೊರಿಯನ್ ಭಾಷೆ, ಪದ್ಧತಿ ಉಳಿಯುತ್ತದೆ ಅನ್ನುವಂತಿಲ್ಲ. ಹಿಂದೂಗಳು ದೇವಸ್ಥಾನಕ್ಕೆ ಅಷ್ಟು ನಿಯಮವಾಗಿ ಹೋಗುವುದಿಲ್ಲ. ಆದರೆ ಮನೆಯ ದೇವರಕೋಣೆ, ಹಬ್ಬ, ಊಟ, ಹೆಸರು ಎಲ್ಲದರಲ್ಲೂ ಧರ್ಮ ಮತ್ತು ಊರು ಕೂಡಿಕೊಂಡಿದೆ. ನನ್ನ ಮನೆಯಲ್ಲೂ ಇದು ನಿಜ. ಗೌರಿ ಹಬ್ಬಕ್ಕೆ ಬಾಗಿನ ಕೊಡುವುದನ್ನು ನನ್ನ ಮಗಳಿಗೆ ಯಾರೂ ತರಗತಿಯಲ್ಲಿ ಕಲಿಸಲಿಲ್ಲ, ಅವಳು ನೋಡಿ ಕಲಿತಳು.

ಆದರೆ ಮನೆಯಲ್ಲೇ ದೇವರಿದ್ದರೆ ಹೊಸದಾಗಿ ಬಂದವರನ್ನು ಯಾರು ಮಾತಾಡಿಸಬೇಕು? ಇದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ. ಬೌನ್ ಸ್ಟ್ರೀಟಿನ ಗಣೇಶನ ದೇವಸ್ಥಾನಕ್ಕೆ ಹೋಗಿ. ಹಳೆಯ ರಷ್ಯನ್ ಚರ್ಚಿನ ಜಾಗ ಕೊಂಡು ಕಟ್ಟಿದ್ದು, 1977ರಲ್ಲಿ ಪ್ರತಿಷ್ಠೆಯಾಯಿತು. ಕೆಳಗಿನ ಕ್ಯಾಂಟೀನಿನಲ್ಲಿ ಬಿಸಿ ದೋಸೆ ಸಿಗುತ್ತದೆ. ಅರ್ಚಕರು ಅರ್ಚನೆ ಮಾಡಿ ಪ್ರಸಾದ ಕೊಡುತ್ತಾರೆ. ಮನಸ್ಸು ತಂಪಾಗುತ್ತದೆ. ಆದರೆ ಎಲ್ಲಿಂದ ಬಂದಿರಿ, ಕೆಲಸ ಸಿಕ್ಕಿತಾ, ಮಗುವಿಗೆ ಜ್ವರ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ ಅಂತ ಬಾಗಿಲಲ್ಲಿ ನಿಂತು ಕೇಳುವವರು ಅಲ್ಲಿಲ್ಲ. ಕೊರಿಯನ್ ಚರ್ಚಿನಲ್ಲಿ ಅದಕ್ಕೆಂದೇ ಜನ ಇರುತ್ತಾರೆ. ಹೊಸಬರ ಹೆಸರು ಬರೆದುಕೊಳ್ಳುತ್ತಾರೆ. ಅಕ್ಕಪಕ್ಕದ ಏಳೆಂಟು ಮನೆಗಳನ್ನು ಸೇರಿಸಿ ಒಂದು ಗುಂಪು ಮಾಡಿ, ವಾರದ ನಡುವೆ ಒಬ್ಬರ ಮನೆಯಲ್ಲಿ ಊಟ ಪ್ರಾರ್ಥನೆ ಇಡುತ್ತಾರೆ. ಇದನ್ನು ನಾವು ಅವರಿಂದ ಕಲಿಯಬೇಕು ಅಂತ ನಾನು ಎಲ್ಲರ ಹತ್ತಿರವೂ ಹೇಳುತ್ತಾ ಬಂದಿದ್ದೇನೆ. ಕನ್ನಡ ಕೂಟಕ್ಕೆ ಸೇರಿ. ಯುಗಾದಿ, ರಾಜ್ಯೋತ್ಸವಕ್ಕೆ ಸುಮ್ನೆ ಹೋಗಿ ಊಟ ಮಾಡಿ ಬಂದರೆ ಸಾಲದು, ಅಡುಗೆ ಬಡಿಸುವ ಕೆಲಸಕ್ಕೋ ಮಕ್ಕಳ ಕನ್ನಡ ತರಗತಿಗೋ ಹೆಸರು ಕೊಡಿ. ಜೊತೆಗೆ ಕೆಲಸ ಮಾಡಿದರೆ ಜನ ಹತ್ತಿರವಾಗುತ್ತಾರೆ. ನನ್ನ ನಂಬರ್ ನಿಮ್ಮ ಹತ್ತಿರ ಇದೆ. ರಾತ್ರಿ ಹೊತ್ತಾದರೂ ಮಾಡಿ.

ಅದೇ ಬೌನ್ ಸ್ಟ್ರೀಟಿನಲ್ಲಿ ಜಾನ್ ಬೌನ್ ಅವರ ಹಳೆಯ ಮನೆ ಈಗಲೂ ಇದೆ. ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡವಾದ ಕ್ವೇಕರರು ಪ್ರಾರ್ಥನೆಗೆ ಸೇರಲು ತನ್ನ ಮನೆ ಬಿಟ್ಟುಕೊಟ್ಟಿದ್ದಕ್ಕೆ 1662ರಲ್ಲಿ ಅವರನ್ನು ಬಂಧಿಸಿದ್ದರು. ಅದಕ್ಕೂ ಐದು ವರ್ಷ ಮೊದಲು, 1657ರಲ್ಲಿ, ಈ ಊರಿನ ಮೂವತ್ತು ಜನ ಯಾರ ಪ್ರಾ­ರ್ಥನೆಯನ್ನೂ ತಡೆಯಬೇಡಿ ಅಂತ ಡಚ್ ಗವರ್ನರಿಗೆ ಬರೆದುಕೊಟ್ಟಿದ್ದರು. ಕೊರಿಯನ್ ಚರ್ಚುಗಳು, ಗಣಪತಿ, ಗುರುದ್ವಾರ ಎಲ್ಲ ಒಂದೇ ಊರಲ್ಲಿ ಇರುವುದು ನೋಡಿದಾಗ ನನಗೆ ಆ ಮೂವತ್ತು ಜನರ ನೆನಪಾಗುತ್ತದೆ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಆಂಟಿಗೆ ಏನು ಹೇಳುವುದು? ಇದ್ದದ್ದನ್ನೇ ಹೇಳಿ. ನಮಗೆ ನಮ್ಮ ದೇವರಿದ್ದಾರೆ, ನಾವು ಧರ್ಮ ಬದಲಿಸುವುದಿಲ್ಲ, ಆದರೆ ನಿಮ್ಮ ಸ್ನೇಹ ನಮಗೆ ಬೇಕು ಅಂತ. ಮೊದಲ ದಿನವೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ. ನನ್ನ ಅನುಭವದಲ್ಲಿ ಇದನ್ನು ಕೇಳಿ ಮುಖ ತಿರುಗಿಸಿದವರು ಕಡಿಮೆ. ಒಂದೆರಡು ಸಲ ಮತ್ತೆ ಕರೆಯಬಹುದು, ಆಗಲೂ ನಗುತ್ತಾ ಅದನ್ನೇ ಹೇಳಿ. ಶಿಬಿರ ಸಾಮಾನ್ಯವಾಗಿ ಒಂದು ವಾರದ್ದು. ಆಟ, ಚಿತ್ರ, ಹಾಡು ಇರುತ್ತದೆ. ಬೈಬಲ್ ಕಥೆ, ಪ್ರಾರ್ಥನೆ ಅದರ ಮುಖ್ಯ ಭಾಗ, ಅದಿಲ್ಲದೆ ಶಿಬಿರವೇ ಇಲ್ಲ. ಮಗಳು ಅದನ್ನು ಕೇಳುವುದು ನಿಮಗೆ ಒಪ್ಪಿಗೆಯಾದರೆ ಕಳಿಸಿ, ಮನೆಗೆ ಬಂದ ಮೇಲೆ ಅವಳ ಜೊತೆ ಮಾತಾಡಿ. ಒಪ್ಪಿಗೆಯಿಲ್ಲದಿದ್ದರೆ ಬೇಡ ಅನ್ನಿ. ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳಿಗೆ ಬೇಸಿಗೆ ಕಾರ್ಯಕ್ರಮ ಉಚಿತವಾಗಿ ಇರುತ್ತದೆ, ಮೇನ್ ಸ್ಟ್ರೀಟ್ ಗ್ರಂಥಾಲಯದಲ್ಲಿ ವಿಚಾರಿಸಿ.

ಭಾನುವಾರದ ಊಟಕ್ಕೆ ಮಾತ್ರ ಒಮ್ಮೆ ಹೋಗಿಬನ್ನಿ ಅಂತ ನನ್ನ ಸಲಹೆ. ಯಾರೂ ಕೈಹಿಡಿದು ಏನೂ ಮಾಡಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಜೋರಾಗಿ ಬಾಯಿಬಿಟ್ಟು ಪ್ರಾರ್ಥನೆ ಮಾಡುವುದು ಕೇಳಿ ಗಾಬರಿಯಾಗಬೇಡಿ, ಅದು ಅವರ ಪದ್ಧತಿ. ನೀವು ಸಸ್ಯಾಹಾರಿಗಳಾದ್ದರಿಂದ ಆಂಟಿಗೆ ಮೊದಲೇ ಹೇಳಿಬಿಡಿ. ಕಿಮ್ಚಿ ಅನ್ನುವ ಅವರ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಇರುತ್ತದೆ. ಕಡಲಪಾಚಿಯ ಸಾರನ್ನು ದನದ ಮಾಂಸ ಹಾಕಿ ಮಾಡಿರಬಹುದು. ಅನ್ನ, ಪಾಲಕ್ ಸೊಪ್ಪಿನ ಪಲ್ಯ, ಮೊಳಕೆ ಕಾಳಿನ ಪಲ್ಯ, ಕೆಂಪು ಮೆಣಸಿನ ಗೊಜ್ಜು ಕಲೆಸಿ ತಿನ್ನಬಹುದು, ಅವುಗಳಲ್ಲೂ ಮೀನಿನ ರಸ ಹಾಕಿಲ್ಲವಾ ಅಂತ ಒಮ್ಮೆ ಕೇಳಿ. ಬರಿಗೈಲಿ ಹೋಗಬೇಡಿ. ಚಿತ್ರಾನ್ನ ಮಾಡಿಕೊಂಡು ಹೋಗಿ, ಹಸಿಮೆಣಸು ಸ್ವಲ್ಪ ಜಾಸ್ತಿಯೇ ಹಾಕಿ, ಅವರಿಗೂ ಖಾರ ಇಷ್ಟ.